ಕಾರಿನ ರೆಕ್ಕೆಗೆ ಗಂಧಕ ಹೊಯ್ದ ದಿನ

ರೆಕ್ಕೆ ಅಂದರೆ ಡಿಕ್ಕಿಯ ಬಾಗಿಲ ಮೇಲೆ ಅಡ್ಡಲಾಗಿ ಕೂರಿಸುವ ಫೈಬರಿನ ಪಟ್ಟಿ. ಹೈದರಾಬಾದಿನವರು ಅದಕ್ಕೆ ಸ್ಪಾಯ್ಲರ್ ಅನ್ನುತ್ತಾರೆ. ಶಹಾಬಾದಿನಲ್ಲಿ ಆಗ ಅಂಥದ್ದು ಇದ್ದದ್ದು ಒಂದೇ ಕಾರಿಗೆ. ಕಾರು ಒಬ್ಬ ಕಲ್ಲುಗಣಿಯ ಧಣಿಯ ಮಗನದು. ನಾವು ಅವನಿಗೆ ಸಣ್ಣ ಧಣಿ ಅನ್ನುತ್ತಿದ್ದೆವು. ಕೆಂಪು ಬಣ್ಣದ ಹೊಸ ಕಾರು. ಅದನ್ನು ದಿನಾ ಗಣಿಯ ಹಾದಿಯಲ್ಲಿ ಕುಣಿಸಿಕೊಂಡು ಹೋಗುತ್ತಿದ್ದ. ರೆಕ್ಕೆ ಉಳಿಯುವುದಾದರೂ ಹೇಗೆ?

ರೆಕ್ಕೆಗೆ ಎರಡು ಕಾಲು. ಪ್ರತಿ ಕಾಲಿನ ಒಳಗೆ ಒಂದು ನಟ್ಟು ಹುದುಗಿಸಿರುತ್ತಾರೆ. ಡಿಕ್ಕಿಯ ಬಾಗಿಲ ಕೆಳಗಿನಿಂದ ಬೋಲ್ಟು ಏರಿಸಿ ಆ ನಟ್ಟಿಗೆ ಬಿಗಿಯಬೇಕು. ಕುಲುಕಿ ಕುಲುಕಿ ನಟ್ಟಿನ ಸುತ್ತಲಿನ ಫೈಬರು ಪುಡಿಯಾಗಿತ್ತು. ಬೋಲ್ಟು ತಿರುಗಿಸಿದರೆ ನಟ್ಟೂ ಜೊತೆಗೇ ತಿರುಗುತ್ತಿತ್ತು. ಎರಡೂ ಕಾಲಿನದು ಅದೇ ಗತಿ.

ಗ್ಯಾರೇಜು ನಡೆಸುತ್ತಿದ್ದ ಉಸ್ತಾದರು ಹಿಂದಿನ ದಿನವೇ ನೋಡಿ ನನಗೆ ಹೇಳಿದ್ದರು. "ಮ್ಯಾಲಿಂದ ಕೆಳಗ ಆರ್‌ಪಾರ್ ತೂತು ಹೊಡಿ. ಉದ್ದ ಬೋಲ್ಟ್ ಹಾಕು, ಕೆಳಗ ಕಬ್ಬಿಣದ ಪಟ್ಟಿ ಕೊಡು. ಮಾತು ಮುಗೀತು." ಮರುದಿನ ಅವರಿಗೆ ಜ್ವರ ಬಂದು ಮನೆಯಲ್ಲಿ ಮಲಗಿದರು. ಗ್ಯಾರೇಜಿನಲ್ಲಿ ನಾನೊಬ್ಬನೇ.

ಬೆಳಿಗ್ಗೆ ಸಣ್ಣ ಧಣಿ ಬಂದ. ಚಿಂಚೋಳಿಯಲ್ಲಿ ಅವನ ಮಾವನ ಮನೆ, ಅಲ್ಲಿಗೆ ಹೊರಟಿದ್ದ. ನಾನು ಡ್ರಿಲ್ಲು ಎತ್ತಿಕೊಂಡದ್ದು ನೋಡಿ ಅಡ್ಡ ನಿಂತ.

"ಏ, ಏನ್ ಮಾಡಾಕತ್ತಿ? ಮ್ಯಾಲ ಬೋಲ್ಟಿನ ತಲಿ ಕಾಣ್ತದಲ್ಲೋ! ಇದೇನ್ ಎತ್ತಿನ ಬಂಡಿ ಅಂದುಕೊಂಡೀಯೇನು?"

"ಉಸ್ತಾದ್ರು ಹಂಗೇ ಹೇಳ್ಯಾರ್ರಿ."

"ಉಸ್ತಾದ್ರ ಕಾರಲ್ಲ ಇದು. ತೂತು ಕಾಣಬಾರ್ದು, ರೆಕ್ಕಿ ಅಲ್ಲಾಡಬಾರ್ದು. ಒಂದ್ ತಾಸಿನಾಗ ಬರ್ತೀನಿ. ಆಗ್ತದ, ಇಲ್ಲಾ?"

ಆಗುವುದಿಲ್ಲ ಅನ್ನಬೇಕಿತ್ತು. "ಆಗ್ತದ್ರಿ" ಅಂದೆ.

ನನ್ನ ಅಪ್ಪ ಕಲ್ಲಿನ ಕೆಲಸದವನು. ನಮ್ಮ ಕಡೆ ಕಿಟಕಿಗೆ ಕಬ್ಬಿಣದ ಸರಳು ಕೂರಿಸುವಾಗ ಕಲ್ಲಿನಲ್ಲಿ ತೂತು ಕೊರೆದು, ಸರಳು ನಿಲ್ಲಿಸಿ, ಸುತ್ತಲೂ ಕರಗಿದ ಗಂಧಕ ಹೊಯ್ಯುತ್ತಾರೆ. ಎರಡು ನಿಮಿಷದಲ್ಲಿ ಅದು ಕಲ್ಲಿನ ಹಾಗೇ ಗಟ್ಟಿಯಾಗುತ್ತದೆ. ಆಮೇಲೆ ಕಳ್ಳ ಬಂದು ಎಳೆದರೂ ಸರಳು ಕದಲುವುದಿಲ್ಲ. ಸಣ್ಣವನಿದ್ದಾಗಿನಿಂದ ಅದನ್ನೇ ನೋಡಿದ್ದೇನೆ. ಮನೆಗೆ ಓಡಿ ಅಪ್ಪನ ಗಂಧಕ, ಅವನ ಕಬ್ಬಿಣದ ಸೌಟು ತಂದೆ.

ರೆಕ್ಕೆಯನ್ನು ಬಿಚ್ಚಿ ಬೋರಲು ಹಾಕಿದೆ. ಕಾಲುಗಳ ಒಳಗಿನ ಪುಡಿ ಕೆರೆದು ತೆಗೆದೆ. ನಟ್ಟು ನೆಟ್ಟಗೆ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಂಧಕ ಕರಗಿಸಿ ಹೊಯ್ದೆ. ಆರಿದ ಮೇಲೆ ಬೋಲ್ಟು ಬಿಗಿದರೆ ಎಂಥ ಬಿಗಿ! ಸಣ್ಣ ಧಣಿ ಬಂದು ಎರಡೂ ಕೈ ಹಾಕಿ ಜಗ್ಗಿ ನೋಡಿದ. ಕಾರೇ ಅಲ್ಲಾಡಿತು, ರೆಕ್ಕೆ ಅಲ್ಲಾಡಲಿಲ್ಲ.

"ಶಹಬ್ಬಾಸ್! ನಿಮ್ಮ ಉಸ್ತಾದ್ರಿಗಿಂತ ನೀನೇ ಛಲೋ."

ಅದನ್ನು ಕೇಳಿ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ.

ಅವನ ಹಿಂದೆ ಒಂದು ಸ್ಕೂಟರ್ ನಿಂತಿತ್ತು. ಅವನ ಅಕ್ಕ, ಅಕ್ಕನ ಗಂಡ, ಅವರ ಮಗು. ಮಗು ಎರಡು ವರ್ಷದ್ದು, ಮುಂದೆ ಹ್ಯಾಂಡಲ್ ಹಿಡಿದು ನಿಂತಿತ್ತು.

"ಭಾವ, ಹಾದಿ ಗೊತ್ತಿಲ್ಲ ಅಂತೀರಿ. ನನ್ನ ಹಿಂದನೇ ಬರ್ರಿ, ಬಿಡಬ್ಯಾಡ್ರಿ" ಅಂದ ಸಣ್ಣ ಧಣಿ.

ಅಕ್ಕ ನಕ್ಕಳು. "ತಮ್ಮಾ, ಭಾಳ ಜೋರ್ ಹೊಡೀಬ್ಯಾಡಪ್ಪಾ. ರೆಕ್ಕಿ ಅದಾವಂತ ಹಾರಿ ಗೀರಿ ಹೋದಿ!"

ಹೋದರು.

ಸ್ವಲ್ಪ ಹೊತ್ತಿಗೆ ಅಪ್ಪ ಸೌಟು ಹುಡುಕಿಕೊಂಡು ಬಂದ.

"ಗಂಧಕ ಯಾವ ಕಲ್ಲಿಗಿ ಹಾಕ್ದಿ?"

"ಕಲ್ಲಿಗಲ್ಲ ಯಪ್ಪಾ, ಕಾರಿಗಿ" ಅಂದು ಎಲ್ಲ ಹೇಳಿದೆ. ಹೊಗಳುತ್ತಾನೆ ಅಂದುಕೊಂಡಿದ್ದೆ.

ಅಪ್ಪ ಸೌಟು ಎತ್ತಿಕೊಂಡ. ಸೌಟಿನ ತಳದಲ್ಲಿ ಉಳಿದು ಗಟ್ಟಿಯಾಗಿದ್ದ ಗಂಧಕದ ಬಿಲ್ಲೆಯನ್ನು ಬಡಿದು ತೆಗೆದ. ಸೊಂಟದ ಎತ್ತರದಿಂದ ನೆಲದ ಪರಸಿ ಕಲ್ಲಿನ ಮೇಲೆ ಬಿಟ್ಟ. ಅದು ಬತ್ತಾಸಿನ ಹಾಗೆ ಚೂರುಚೂರಾಯಿತು.

"ನೋಡಿದೇನು? ಕಿಟಕಿ ಸರಳು ನಿಂತಲ್ಲೇ ನಿಂತಿರ್ತದ. ಅದನ್ನ ಯಾರೂ ಕುಲುಕಂಗಿಲ್ಲ. ನಿನ್ನ ಕಾರ್ ನಿಂತಿರ್ತದೇನೋ?"

ಕಾರು ನೆನಪಾಗಲಿಲ್ಲ. ಹ್ಯಾಂಡಲ್ ಹಿಡಿದು ನಿಂತಿದ್ದ ಮಗು ನೆನಪಾಯಿತು. ರೆಕ್ಕೆ ಕಿತ್ತರೆ ಗಾಳಿಗೆ ಹಿಂದಕ್ಕೇ ಹಾರುತ್ತದೆ. ಹಿಂದೆ ಮೊದಲು ಸಿಗುವುದು ಆ ಮಗುವಿನ ಮುಖ.

ಉಸ್ತಾದರ ಮೋಟರ್‌ಸೈಕಲ್ ಅಲ್ಲೇ ಇತ್ತು. ಕೇಳದೆ ತೆಗೆದುಕೊಂಡು ಹೊರಟೆ. "ಹಳು ಹಳು ಹೋಗೋ" ಅಂತ ಅಪ್ಪ ಕೂಗಿದ್ದು ಕೇಳಿಸಿತು. ಮೆಲ್ಲಗೆ ಹೋಗಲು ಆಗಲಿಲ್ಲ.

ವಾಡಿಯ ತನಕ ರಸ್ತೆ ಹೇಗಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ತಗ್ಗು ಮಾತ್ರ ನೆನಪಿವೆ. ಒಂದೊಂದು ತಗ್ಗು ಬಂದಾಗಲೂ, ಇಲ್ಲಿ ಬಿದ್ದಿರಬಹುದು, ಇಲ್ಲೇ ಆಗಿರಬಹುದು ಅನ್ನಿಸುತ್ತಿತ್ತು. ಎದುರಿನಿಂದ ಬರುವ ಲಾರಿಯವರ ಮುಖ ನೋಡುತ್ತಿದ್ದೆ. ದಾರಿಯಲ್ಲಿ ಏನಾದರೂ ನೋಡಿ ಬಂದವರ ಮುಖ ಬೇರೆ ಇರುತ್ತದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಅದರಿಂದಲೂ ಹೆದರಿಕೆ ಕಳೆಯಲಿಲ್ಲ.

ವಾಡಿ ದಾಟಿದ ಮೇಲೆ ಒಂದು ಸಣ್ಣ ಸೇತುವೆ. ಅದರ ತುದಿಯಲ್ಲಿ ರಸ್ತೆ ಒಡೆದಿತ್ತು. ಅಲ್ಲಿ ಗಾಡಿ ನಿಧಾನ ಮಾಡಿದಾಗ ನೆಲದ ಮೇಲೆ ಹಳದಿ ಚೂರು ಕಂಡವು. ಇಳಿದು ಒಂದನ್ನು ಎತ್ತಿಕೊಂಡೆ. ಗಂಧಕ. ಒಂದು ಮಗ್ಗುಲಿನಲ್ಲಿ ನಟ್ಟಿನ ಅಚ್ಚು ಮೂಡಿತ್ತು. ಒಂದು ಕಾಲು ಬಿಟ್ಟುಕೊಂಡಿದೆ ಅಂತಾಯಿತು.

ಮತ್ತೆ ಕಿಕ್ ಹೊಡೆದೆ. ಮೂರು ಸಲ ತಪ್ಪಿತು.

ಮುಂದೆ ರಸ್ತೆಯ ನಡುವೆ ಜನ ಗುಂಪು ಕಟ್ಟಿದ್ದರು. ಹೆಂಗಸರು, ಗಂಡಸರು, ಎಲ್ಲ ಬಗ್ಗಿ ನೆಲ ನೋಡುತ್ತಿದ್ದರು. ನಾನು ದೂರದಲ್ಲೇ ನಿಂತೆ. ಹತ್ತಿರ ಹೋಗಲು ಆಗಲಿಲ್ಲ. ಗುಂಪಿನಿಂದ ಹೊರಗೆ ಬಂದ ಒಬ್ಬ ಮುದುಕಿಯನ್ನು ಕೇಳಿದೆ.

"ಏನಾಗ್ಯಾದಬೇ ಅಲ್ಲಿ?"

"ಎಮ್ಮಿ ಈಯಾಕತ್ತದಪ್ಪಾ. ರಸ್ತಾದಾಗೇ ಮಲಗ್ಯಾದ, ಏಳವಲ್ದು. ನೀ ಯಾಕ ಹಿಂಗ ಬೆವತೀದಿ? ಎಮ್ಮಿ ನಿಂದೇನು?"

"ನಂದಲ್ಲಬೇ. ಕೆಂಪು ಕಾರ್ ಹೋತೇನು?"

"ಈಗೇ ಹೋತು. ಹಿಂದ ಖಟ್ ಖಟ್ ಅಂತ ಸಪ್ಪಳ ಮಾಡ್ಕೋತ. ಅದರ ಬೆನ್ನಿಗೇ ಒಂದ್ ಸ್ಕೂಟರ್. ಕೂಸು ನನ್ನ ನೋಡಿ ಕೈ ಮಾಡ್ತು ನೋಡು."

ಎಮ್ಮೆಯ ಪಕ್ಕದ ಹೊಲದಲ್ಲಿ ಗಾಡಿ ಇಳಿಸಿ ದಾಟಿದೆ.

ಚಿತ್ತಾಪುರಕ್ಕಿಂತ ಮೊದಲು ರೈಲ್ವೆ ಗೇಟು ಮುಚ್ಚಿತ್ತು. ನನ್ನ ಜನ್ಮದಲ್ಲಿ ಮುಚ್ಚಿದ ಗೇಟು ನೋಡಿ ಖುಷಿಪಟ್ಟದ್ದು ಅದೊಂದೇ ಸಲ. ಗೂಡ್ಸ್ ಗಾಡಿ ಹೋಗುತ್ತಿತ್ತು. ಲಾರಿ, ಬಂಡಿ, ಅವುಗಳ ಮುಂದೆ ಕೆಂಪು ಕಾರು. ಕಾರಿನ ಬೆನ್ನಿಗೆ ಅಂಟಿಕೊಂಡು ಸ್ಕೂಟರ್. ರೆಕ್ಕೆಯ ಎಡಗಾಲು ನಾಲ್ಕು ಬೆರಳು ಮೇಲೆದ್ದಿತ್ತು. ಅದರ ಅಂಚು ಮಗುವಿನ ಹಣೆಯ ಮಟ್ಟಕ್ಕೆ ಸರಿಯಾಗಿತ್ತು. ಗೂಡ್ಸಿನ ಕೊನೆಯ ಡಬ್ಬಿ ಬರುತ್ತಿತ್ತು. ಮೋಟರ್‌ಸೈಕಲ್ಲನ್ನು ಅಲ್ಲೇ ಬೀಳಿಸಿ ಓಡಿಹೋಗಿ ರೆಕ್ಕೆಯ ಮೇಲೆ ಎರಡೂ ಕೈ ಒತ್ತಿ ನಿಂತೆ.

ಸಣ್ಣ ಧಣಿ ಇಳಿದು ಬಂದ. "ಏ! ನೀ ಇಲ್ಲಿ ಏನ್ ಮಾಡಾಕತ್ತಿ?"

"ಕಾರ್ ಮುಂದ ಒಯ್ಯಬ್ಯಾಡ್ರಿ. ನಟ್ಟಿಗಿ ಗಂಧಕ ಹಾಕೀನ್ರಿ. ಒಡದದ."

"ಗಂಧಕ? ಪಟಾಕಿ ಮಾಡ್ತಾರಲ್ಲ, ಆ ಗಂಧಕ?"

"ಹೌದ್ರಿ."

ಅವನು ಕೈ ಎತ್ತಿದ. ಅಕ್ಕನ ಗಂಡ ನಡುವೆ ಬಂದು ಹಿಡಿದುಕೊಂಡ. "ಇರಲಿ ಬಿಡು, ತಾನೇ ಓಡಿ ಬಂದಾನಲ್ಲ." ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಡಿಕ್ಕಿಯ ಬಾಗಿಲು ಅರ್ಧ ಎತ್ತಿ, ಜೇಬಿನಿಂದ ಪಾನಾ ತೆಗೆದು ಬಲಗಾಲಿನ ಬೋಲ್ಟಿಗೆ ಹಾಕಿದೆ. ತಿರುಗಿಸಬೇಕಾಗಲೇ ಇಲ್ಲ. ರೆಕ್ಕೆ ಹಾಗೇ ನನ್ನ ಕೈಗೆ ಬಂತು. ಡಿಕ್ಕಿಯ ಮೇಲೆ ಹಳದಿ ಪುಡಿ ಸುರಿಯಿತು. ಎಲ್ಲರೂ ಅದನ್ನು ನೋಡಿದರು.

ಅಕ್ಕ ಸ್ಕೂಟರಿನಿಂದ ಇಳಿದು ಮಗುವನ್ನು ಎತ್ತಿಕೊಂಡಳು. ಅದರ ಮುಖವನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. "ಇದು ನನ್ನ ಕೂಸಿನ ಮಾರಿ ಮುಂದ ಇತ್ತಲ್ಲೋ" ಅಂದಳು. ಜೋರಾಗಿ ಅನ್ನಲಿಲ್ಲ. ನಾನು ನೆಲ ನೋಡಿದೆ.

ಗೇಟು ತೆರೆಯಿತು. ಈ ಸಲ ಸ್ಕೂಟರ್ ಮುಂದೆ ಹೋಯಿತು, ಕಾರು ಹಿಂದೆ. ಮಗು ಅಮ್ಮನ ತೊಡೆಯ ಮೇಲಿತ್ತು.

ರೆಕ್ಕೆಯನ್ನು ಹಗ್ಗದಿಂದ ಬೆನ್ನಿಗೆ ಅಡ್ಡಲಾಗಿ ಕಟ್ಟಿಕೊಂಡು ಹಿಂದಿರುಗಿದೆ. ಗಾಡಿ ಸ್ವಲ್ಪ ಓಟ ಹಿಡಿದದ್ದೇ ತಡ, ಯಾರೋ ಹಿಂದಿನಿಂದ ಎರಡೂ ಭುಜ ಹಿಡಿದು ಎಳೆದ ಹಾಗಾಯಿತು. ಹಗ್ಗ ಎದೆಗೆ ಕೊರೆಯಿತು, ಹ್ಯಾಂಡಲ್ ಕೈಯಿಂದ ಜಾರಿತು. ನಾನು ಹೋಗುತ್ತಿದ್ದದ್ದು ಸೈಕಲ್ಲಿಗಿಂತ ಸ್ವಲ್ಪ ಜೋರು, ಅಷ್ಟೇ. ಸಣ್ಣ ಧಣಿ ಎಷ್ಟು ಜೋರು ಹೊಡೆಯುತ್ತಿದ್ದ ಅಂತ ನನಗೆ ಗೊತ್ತಿತ್ತು. ಆಗ ಆದ ಹೆದರಿಕೆ ಬರುವಾಗ ದಾರಿಯಲ್ಲಿ ಆದದ್ದಕ್ಕಿಂತ ದೊಡ್ಡದು. ಇಳಿದು, ವಾಡಿಯ ತನಕ ಗಾಡಿಯನ್ನು ತಳ್ಳಿಕೊಂಡು ನಡೆದೆ.

ಗ್ಯಾರೇಜಿನಲ್ಲಿ ಉಸ್ತಾದರು ಚಾದರ ಹೊದ್ದು ಕುಳಿತಿದ್ದರು. ಅಪ್ಪ ಹೋಗಿ ಎಲ್ಲ ಹೇಳಿದ್ದ. ಬೈಗುಳಕ್ಕೆ ತಯಾರಾಗಿ ನಿಂತೆ.

"ಕೂಸು?" ಅಂದರು.

"ಆರಾಮ್ ಅದ್ರಿ."

"ಕುಂದ್ರು. ನೀರ್ ಕುಡಿ."

ಕುಡಿದೆ. ಆಮೇಲೆ ಡ್ರಿಲ್ಲನ್ನು ನನ್ನ ಮುಂದೆ ಇಟ್ಟರು. ರೆಕ್ಕೆಯ ಮೇಲೆ ಸೀಮೆಸುಣ್ಣದಿಂದ ಎರಡು ಗುರುತು ಹಾಕಿದರು, ಎಲ್ಲರಿಗೂ ಕಾಣುವ ಜಾಗದಲ್ಲಿ. ನಾನು ಡ್ರಿಲ್ಲು ಎತ್ತಿಕೊಳ್ಳುವ ತನಕ ಕಾದರು, ಜ್ವರದಲ್ಲೇ. ಆಮೇಲೆ ಮೇಲಿನಿಂದ ಕೆಳಗೆ ತೂತು ಹೊಡೆದೆ.