ಸಾಕು ಅಂದ ಮೇಲಿನ ನಾಲ್ಕು ಜೀಕು

ಹೆಂಡತಿಯ ಮುಂದೆ ಹೇಳದ ಮಾತೊಂದನ್ನು ನಿಮ್ಮ ಮುಂದೆ ಹೇಳುತ್ತೇನೆ. ನನ್ನ ಮಗಳು ಎತ್ತರ ಬೆಳೆದದ್ದನ್ನು ಕಂಡು ಒಮ್ಮೆ ನನಗೆ ದುಃಖವಾಗಿತ್ತು. ಬೆಳೆಯಲಿ ಎಂದು ದಿನಾ ಬೆಳಿಗ್ಗೆ ಮೂಗು ಹಿಡಿದು ಹಾಲು ಕುಡಿಸಿದವನು ನಾನೇ. ಆದರೂ ಆ ಸಂಜೆ ಮಡಗಾಂವಿನ ಮೈದಾನದಲ್ಲಿ ಹಲಗೆಯ ಜೋಕರನೊಬ್ಬನ ಚಾಚಿದ ಕೈಯನ್ನು ಅವಳ ತಲೆ ದಾಟಿದ್ದನ್ನು ನೋಡಿ, ಇನ್ನು ನನಗಾರು ಗತಿ ಎಂದು ಒಳಗೊಳಗೇ ಕುಸಿದುಹೋದೆ.

ಮಳೆಗಾಲಕ್ಕೆ ಮುಂಚೆ ನಮ್ಮ ಮಡಗಾಂವಿನಲ್ಲಿ ಚರ್ಚಿನ ಫೆಸ್ತ್, ಅಂದರೆ ಹಬ್ಬದ ಜಾತ್ರೆ, ಬರುತ್ತದೆ. ಒಣಮೀನು, ಹುಣಸೆ, ಕೆಂಪು ಮೆಣಸಿನಕಾಯಿ, ಕೋಕಂ ಎಂದು ಊರಿಗೆ ಊರೇ ಮಳೆಗಾಲದ ಸಾಮಾನು ಕಟ್ಟಿಕೊಳ್ಳುವ ಹೊತ್ತು ಅದು. ಧಾರವಾಡದಿಂದ ನೌಕರಿಗೆಂದು ಬಂದು ಇಲ್ಲೇ ತಳವೂರಿದ ನಾವೂ ಮೀನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಳ್ಳುತ್ತೇವೆ. ಸಂತೆಯ ಬೆನ್ನಿಗೇ ಲಾರಿಗಳಲ್ಲಿ ಆಟದ ಯಂತ್ರಗಳು ಬಂದಿಳಿಯುತ್ತವೆ. ನಿನ್ನೆ ದನ ಮೇಯುತ್ತಿದ್ದ ಬಯಲಿನಲ್ಲಿ ಇವತ್ತು ಕಬ್ಬಿಣದ ಕಂಬಗಳು ಎದ್ದು ನಿಂತು, ಸಂಜೆ ದೀಪ ಹತ್ತಿದರೆ ನಮ್ಮ ಬಾಲ್ಕನಿಯ ಗೋಡೆಯೂ ಕೆಂಪು ಹಸಿರಾಗುತ್ತದೆ.

ಅವುಗಳಲ್ಲೆಲ್ಲ ರಾಜನೆಂದರೆ ಕೊಲಂಬಸ್. ಎರಡು ಕಂಬಗಳ ನಡುವೆ ತೂಗುಬಿಟ್ಟ ದೊಡ್ಡ ಹಡಗು. ಅದರ ಹೊಟ್ಟೆಯ ಕೆಳಗೆ ತಿರುಗುವ ಟೈರೊಂದು ತಾಗಿದಾಗಲೆಲ್ಲ ಹಡಗು ಇನ್ನಷ್ಟು ಮೇಲೇರುತ್ತದೆ. ಮೂತಿ ಆಕಾಶಕ್ಕೆ ಹೋಗಿ ಒಂದು ಗಳಿಗೆ ಅಲ್ಲೇ ನಿಂತು, ಅಷ್ಟೂ ಜನರನ್ನು ಹೊತ್ತು ಹಿಂದಕ್ಕೆ ಧುಮುಕುತ್ತದೆ. ಭಾರತಕ್ಕೆಂದು ಹೊರಟು ಇನ್ನೆಲ್ಲೋ ಹೋಗಿ ಮುಟ್ಟಿದ ಪುಣ್ಯಾತ್ಮನ ಹೆಸರು ಅದಕ್ಕೆ. ಐದು ಶತಮಾನ ತಡವಾಗಿಯಾದರೂ ಅವನು ಗೋವೆಯನ್ನು ತಲುಪಿದ. ಆದರೆ ಇಲ್ಲಿಂದ ಮುಂದೆ ಎಲ್ಲಿಗೂ ಹೋಗಲಾರ.

ನನ್ನ ಮಗಳು ನಿಧಿಗೆ ಈ ಹಡಗಿನ ಮೇಲೆ ಮನಸ್ಸು ಬಿದ್ದದ್ದು ನಾಲ್ಕು ತುಂಬಿದಾಗ. ಏರುವ ಬಾಗಿಲಲ್ಲಿ ಹಲಗೆಯ ಮೇಲೆ ಬರೆದ ಜೋಕರನೊಬ್ಬ ಕೈ ಚಾಚಿ ನಿಂತಿರುತ್ತಾನೆ. ಆ ಕೈಗಿಂತ ಕುಳ್ಳಗಿದ್ದವರಿಗೆ ಪ್ರವೇಶವಿಲ್ಲ. ನಾನು ಅವಳನ್ನು ಅವನ ಪಕ್ಕ ನಿಲ್ಲಿಸಿ, ತುಂಬ ವ್ಯಸನದ ಮುಖ ಮಾಡಿ, "ಇಲ್ಲವಾ, ಈ ಸಲ ಆಗಂಗಿಲ್ಲ. ಮುಂದಿನ ವರ್ಷ ನೋಡೋಣು" ಎನ್ನುತ್ತಿದ್ದೆ. ಮರುವರ್ಷವೂ ಅದೇ ಜೋಕರ, ಅದೇ ಮುಖ, ಅದೇ ಮಾತು. ಮಕ್ಕಳಿಗೆ ಬೇಡ ಅನ್ನುವ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಇರುವ ಸುಖ ತಂದೆಯಾದವರಿಗೆಲ್ಲ ಗೊತ್ತು. ಪೊಲೀಸ್ ಹಿಡಿಯುತ್ತಾನೆ, ಡಾಕ್ಟರು ಸೂಜಿ ಚುಚ್ಚುತ್ತಾರೆ, ಜೋಕರ ಬಿಡುವುದಿಲ್ಲ. ಅಪ್ಪ ಮಾತ್ರ ಒಳ್ಳೆಯವನು.

ಮೂರನೆಯ ವರ್ಷ ಜೋಕರ ಕೈಕೊಟ್ಟ. ಅವನ ಬೆರಳು ಅವಳ ಕಿವಿಯ ಹತ್ತಿರವೇ ಉಳಿಯಿತು. ನಿಧಿ ತಿರುಗಿ ನನ್ನ ಮುಖ ನೋಡಿದಳು. ನಾನು ಮಳೆಯ ಹನಿ ಬಿತ್ತೆಂದು ಸುಳ್ಳು ಹೇಳಿ ಮನೆಗೆ ಕರೆತಂದೆ. ಇನ್ನು ಕೆಲವು ದಿನ ತಳ್ಳಿದರೆ ಯಂತ್ರಗಳು ಲಾರಿ ಏರಿ ಹೋಗುತ್ತಿದ್ದವು.

ಎತ್ತರವೇನೋ ಆಯಿತು, ಆದರೆ ಎದೆ? ಅದನ್ನು ಅಳೆಯುವ ಹಲಗೆ ಎಲ್ಲಿದೆ? ಆಫೀಸಿನಲ್ಲಿ ವಿಚಾರಿಸಿದೆ. ಕಾರವಾರದ ಸಹೋದ್ಯೋಗಿಯೊಬ್ಬರು, ಮಗುವನ್ನು ಸಮುದ್ರದಲ್ಲಿ ಕುತ್ತಿಗೆಯವರೆಗೆ ನಿಲ್ಲಿಸಿ ನೋಡಿ ಎಂದರು. ಇನ್ನೊಬ್ಬರು ಕಲಂಗುಟ್‌ನಲ್ಲಿ ತಮ್ಮ ತಂಗಿಯ ಮಗ ಛತ್ರಿ ಕಟ್ಟಿಕೊಂಡು ಬೋಟಿನ ಹಿಂದೆ ಆಕಾಶಕ್ಕೇರಿದ ಕಥೆ ಹೇಳಿದರು. ತಾವೂ ಏರಿದಿರಾ ಎಂದು ಕೇಳಿದರೆ ಫೈಲು ತೆಗೆದು ಓದತೊಡಗಿದರು. ನಾನೂ ಒಂದು ಪರೀಕ್ಷೆ ಮಾಡಿದೆ. ರವಿವಾರ ಮಗಳನ್ನು ಸ್ಕೂಟರಿನಲ್ಲಿ ಕೊರ್ತಾಲಿಮ್ ಸೇತುವೆಗೆ ಕರೆದೊಯ್ದು, ನಡುವೆ ನಿಲ್ಲಿಸಿ, ಕೆಳಗೆ ನದಿ ನೋಡು ಎಂದೆ. ಅವಳು ಕಟಾಂಜನದ ಸಂದಿಯಲ್ಲಿ ಮುಖವಿಟ್ಟು ನೋಡಿ, ಮೀನುಗಳಿಗೆ ಮಳೆ ಬಂದದ್ದು ಗೊತ್ತಾಗುತ್ತದೆಯೇ ಎಂದು ಕೇಳಿದಳು. ಒಂದು ಟ್ರಕ್ ಹೋದಾಗ ಸೇತುವೆ ನಡುಗಿತು. ಅವಳ ಫ್ರಾಕನ್ನು ಹಿಂದಿನಿಂದ ಹಿಡಿದಿದ್ದ ನಾನು ಇನ್ನೊಂದು ಕೈಯಿಂದ ಕಟಾಂಜನವನ್ನು ತಬ್ಬಿಕೊಂಡೆ. ಪರೀಕ್ಷೆಯಲ್ಲಿ ಯಾರು ಪಾಸಾದರು ಎಂಬುದನ್ನು ನಾನು ಮನೆಯಲ್ಲಿ ಹೇಳಲಿಲ್ಲ, ಅವಳೇ ಹೇಳಿದಳು.

"ನಿಮಗ ಅಂಜಿಕಿ ಇದ್ರ ನೀವು ಚಂದಾಗಿ ಅಂಜರಿ," ಎಂದಳು ನನ್ನ ಹೆಂಡತಿ ಸುನಂದಾ, ಚಪಾತಿ ಲಟ್ಟಿಸುತ್ತ. "ಆಕಿ ಪಾಲಿಂದೂ ನೀವ ಯಾಕ ಅಂಜತೀರಿ?"

ಈ ಹೊತ್ತಿಗೆ ಧಾರವಾಡದಿಂದ ಅವ್ವ ಬಂದಳು. ಬೇಸಿಗೆ ರಜೆಗೆ ಬಂದು ಮೊದಲ ಮಳೆ ನೋಡಿಕೊಂಡು ಹೋಗುವುದು ಅವಳ ರೂಢಿ. ಸಂಜೆ ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುತ್ತ ದೂರದ ಹಡಗನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಅಯ್ಯ, ಇದು ಜೋಕಾಲಿನ ಅಲ್ಲೇನೋ!" ಎಂದಳು.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಹೆಣ್ಣುಮಕ್ಕಳ ಹಬ್ಬವೆಂದರೆ ಜೋಕಾಲಿ. ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಮಿಣಿ ಹಗ್ಗ ಕಟ್ಟಿ, ಬಾಯಲ್ಲಿ ಉಂಡಿ ಇರುವಾಗಲೇ ಏರಿಬಿಡುತ್ತಾರೆ. ಸಣ್ಣವಳು ಕೂಡುತ್ತಾಳೆ, ದೊಡ್ಡವಳು ಅವಳ ಆಚೀಚೆ ಕಾಲಿಟ್ಟು ನಿಂತು, ಮೊಣಕಾಲು ಮಡಚಿ ಮೈ ತೂಗಿ ಜೀಕುತ್ತಾಳೆ. ಟೊಂಗೆಯ ತುದಿಯ ಎಲೆಯನ್ನು ಹಲ್ಲಿನಿಂದ ಕಚ್ಚಿ ತಂದವಳು ಮುಂದಿನ ಪಂಚಮಿಯವರೆಗೂ ಊರಿನ ಮಾತಾಗುತ್ತಾಳೆ. ನನ್ನ ಅವ್ವ ಹಾಗೆ ಮಾತಾದವಳು. ನನಗೆ ಇದು ಗೊತ್ತಿರಲೇ ಇಲ್ಲ. ನಲವತ್ತು ವರ್ಷ ಅವಳ ಕೈಯ ರೊಟ್ಟಿ ತಿಂದ ಮಗನಿಗೆ, ಆ ಕೈ ಹಗ್ಗ ಹಿಡಿದು ಮರದ ತುದಿ ಮುಟ್ಟಿತ್ತು ಎಂದು ಕೇಳಿ ಮೈ ಜುಮ್ಮೆಂದಿತು.

"ಹಂಗಾರ ಎಷ್ಟು ಸಣ್ಣಾಕಿನ್ನ ಕೂಡಸತಿದ್ರಿ?" ಎಂದು ಕೇಳಿದೆ. ನನಗೆ ಬೇಕಾದದ್ದು ಒಂದು ಅಂಕಿ. ಐದು ಎನ್ನಲಿ, ಹತ್ತು ಎನ್ನಲಿ, ಅದರ ಹಿಂದೆ ಅಡಗಿಕೊಳ್ಳುತ್ತಿದ್ದೆ.

"ವಯಸ್ಸು ಯಾರ್ ಕೇಳತಿದ್ರು? ಸಾಕು ಅನ್ನಾಕ ಬರೂ ಹುಡುಗೀನ್ನ ಕೂಡಸತಿದ್ವಿ. ಅಂಜಿಕಿ ಎಲ್ಲಾರಿಗೂ ಬರತೈತಿ. ಬಂದದ್ದ ನುಂಗಿಕೊಂಡು ಕೂತಾಕಿ ಕೈ ಬಿಡತಾಳ, ಬಿದ್ದ ಹೋಗತಾಳ. ಸಾಕು ಅಂತ ಬಾಯಿ ಬಿಟ್ಟಾಕಿಗೆ ಏನೂ ಆಗಂಗಿಲ್ಲ. ಆಕಿ ಸಾಕು ಅಂದ ಕೂಡ್ಲೆ ನಿಂತಾಕಿ ಜೀಕೋದು ಬಿಡಬೇಕು. ಅದು ನೇಮ."

ಹಾಗೆಂದವಳೇ ಬಾಲ್ಕನಿಯ ಮೇಲ್ಛಾವಣಿಯಲ್ಲಿ ಮನೆಯ ಮಾಲೀಕರು ಎಂದೋ ಬಿಟ್ಟಿದ್ದ ಜೋಡಿ ಕೊಕ್ಕೆಗಳಿಗೆ ತನ್ನ ಹಳೆಯ ಇಳಕಲ್ ಸೀರೆ ಕಟ್ಟಿದಳು. ಮಗಳ ಜೋಕಾಲಿಯ ಶಾಲೆ ಶುರುವಾಯಿತು. ಅಜ್ಜಿ ತೂಗುತ್ತಾಳೆ, ಮೊಮ್ಮಗಳು "ಸಾಕು" ಎನ್ನುತ್ತಾಳೆ, ಅಜ್ಜಿ ಕೈ ಬಿಡುತ್ತಾಳೆ. ಮೊದಲ ದಿನ ನಿಧಿ ಸಾಕು ಎಂದವಳೇ ಜಿಗಿಯಲು ಹೋದಳು. ಅಜ್ಜಿ ಸೀರೆಯ ಜೊತೆಗೇ ಅವಳನ್ನು ತಬ್ಬಿ ಹಿಡಿದು ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ. "ಹುಚ್ಚಿ, ಸಾಕು ಅಂದ ಮ್ಯಾಲೂ ನಾಕ ಜೀಕು ಇದ್ದ ಇರತಾವ. ಅವನ್ನ ಹಿಡಕೊಂಡು ಕೂಡಬೇಕು."

ಅಲಂಕಾರಶಾಸ್ತ್ರದವರು ಭಯಾನಕ ಒಂದು ರಸ, ಅದ್ಭುತ ಇನ್ನೊಂದು ರಸ ಎಂದು ಬೇರೆ ಬೇರೆ ಬಟ್ಟಲಲ್ಲಿ ಇಟ್ಟಿದ್ದಾರೆ. ಪಂಡಿತರು ಪಂಚಮಿಯ ದಿನ ಜೋಕಾಲಿ ಹತ್ತಿದವರಲ್ಲ ಎಂದು ನನಗೆ ಗುಮಾನಿ. ತೂಗಿ ಮೇಲೇರಿದ ಮಗುವಿನ ಮುಖದಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ, ಕಲಸಿದ ಅನ್ನದ ಹಾಗೆ, ಬೇರೆ ಮಾಡಲು ಬರುವುದಿಲ್ಲ. ಅದಿರಲಿ, ಹುಟ್ಟಿದ ಹನ್ನೆರಡನೆಯ ದಿನವೇ ನಾವು ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುತ್ತೇವೆ. ನೀನು ತಯಾರೇನವ್ವಾ ಎಂದು ಆಗ ಯಾರು ಕೇಳಿದ್ದರು?

ಫೆಸ್ತ್ ಮುಗಿಯುವ ಮುನ್ನಾದಿನ ಸಂಜೆ ನಾವು ನಾಲ್ವರೂ ಮೈದಾನಕ್ಕೆ ಹೋದೆವು. ನಿಧಿ ಹಳದಿ ಫ್ರಾಕು ಹಾಕಿದ್ದಳು. ಮೋಡ ಕವಿದಿತ್ತು, ಸುತ್ತೆಲ್ಲ ಖಾಜೆ ಮಿಠಾಯಿಯ ಬೆಲ್ಲ ಶುಂಠಿಯ ವಾಸನೆ. ಕೊಲಂಬಸ್ಸಿನ ಲಿವರ್ ಹಿಡಿದವನು ನಾಲಿಗೆಯಲ್ಲಿ ಕೊಂಕಣಿ, ಹಿಂದಿ ಎರಡನ್ನೂ ತಿರುಗಿಸುತ್ತಿದ್ದ, ದಪ್ಪ ಮೀಸೆಯ ಮೆಹಬೂಬ. ಅವ್ವ ಅವನನ್ನು ಕನ್ನಡದಲ್ಲೇ ಮಾತಾಡಿಸಿದಳು. ಅವನು ವಿಜಾಪುರದ ಕಡೆಯವನಾಗಿದ್ದ.

"ಏನಪಾ, ನನ್ನ ಮೊಮ್ಮಗಳು ನಡುವ ಸಾಕು ಅಂದ್ರ ನಿಲ್ಲಸತೀಯೇನು?"

ಮೆಹಬೂಬ ನಕ್ಕ. "ಎಲ್ಲಾರೂ ಸಾಕು ಸಾಕು ಅಂತನ ಒದರತಾರ್ರಿ ಅವ್ವಾರ. ನಿಲ್ಲಿಸಿದ್ರ ಯಾಕ ನಿಲ್ಲಿಸಿದಿ ಅಂತ ಬೈತಾರ. ಖರೇ ಯಾವದು, ಆಟ ಯಾವದು, ನನಗ ಹ್ಯಾಂಗ ತಿಳೀಬೇಕು?"

"ನಾ ಆಕಿ ಬಾಜೂಕ ಕೂಡತೇನಿ. ಖರೇ ಸಾಕು ಅಂದ್ರ ನಾ ಕೈ ಎತ್ತತೇನಿ. ನಾ ಎತ್ತಿದ ಕೈ ಆಟದ್ದಲ್ಲ."

ಅವನು ಅವ್ವನ ಮುಖ ನೋಡಿದ, ಕೈ ತುಂಬ ಇದ್ದ ಹಸಿರು ಬಳೆಗಳನ್ನೂ ನೋಡಿದ. "ಆತ್ರಿ" ಎಂದ.

ನಾನು ಕೊನೆಯ ಅಸ್ತ್ರ ತೆಗೆದೆ. "ಅವ್ವಾ, ನಿನಗ ಬಿ.ಪಿ. ಐತಿ."

"ಅದರ ಗುಳಗಿ ತಗೊಂಡೇನಿ. ಡಾಕ್ಟರು ಮೆಟ್ಟಲಾ ಹತ್ತು, ಇಳಿ, ಏನಾಗಂಗಿಲ್ಲ ಅಂದಾರ. ಅಂಜಿಕಿಗೆ ಗುಳಗಿ ಇದ್ರ ನೀ ತಗೋ."

ತುದಿಯ ಸೀಟುಗಳೇ ಹೆಚ್ಚು ಮೇಲೇರುತ್ತವೆಂದು ಅವ್ವನಿಗೆ ಯಾರೂ ಹೇಳಬೇಕಿರಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಹಡಗಿನ ನಟ್ಟನಡುವೆ ಕೂತು, ಸೆರಗನ್ನು ಸೊಂಟಕ್ಕೆ ಬಿಗಿದಳು. ಅಡ್ಡ ಸರಳು ಬಿತ್ತು, ಹಡಗು ಹೊರಟಿತು.

ನನ್ನ ತಾಯಿ, ನನ್ನ ಮಗಳು, ಇಬ್ಬರೂ ನನ್ನ ಕೈಗೆ ಸಿಗದಷ್ಟು ಮೇಲೆ. ನಾನು ಕೆಳಗೆ. ಹಡಗು ಒಮ್ಮೆ ದೀಪಗಳನ್ನು ಮುಚ್ಚಿ, ಒಮ್ಮೆ ತೆರೆದು, ನನ್ನ ತಲೆಯ ಮೇಲೆ ಹೋಗಿ ಬರುತ್ತಿತ್ತು. ಮಗಳು ಕಿರುಚುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು. ಬಾಯಿ ಮಾತ್ರ ತೆರೆದೇ ಇತ್ತು. ಹಡಗು ಇನ್ನಷ್ಟು ಏರಿತು. ಆಗ, ಅಷ್ಟು ಗದ್ದಲದ ನಡುವೆ, ಹಸಿರು ಬಳೆಯ ಕೈಯೊಂದು ನೆಟ್ಟಗೆ ಮೇಲೆದ್ದಿತು.

ಮೆಹಬೂಬ ಲಿವರ್ ಎಳೆದ. ಆ ದೈತ್ಯ ಹಡಗು, ಅಷ್ಟು ಕಬ್ಬಿಣ, ಅಷ್ಟು ಜನ, ಸೀಟಿ ಹೊಡೆಯುವ ಹುಡುಗರು, ಎಲ್ಲವೂ ಒಂದು ಹಾಲುಹಲ್ಲಿನ ಬಾಯಿಂದ ಬಂದ ಮಾತಿಗೆ ತಲೆಬಾಗಿ ಇಳಿಯತೊಡಗಿತು. ನಾನು ದೊಡ್ಡ ದೊಡ್ಡ ಅಧಿಕಾರಿಗಳ ಮಾತು ನಡೆದದ್ದನ್ನು ಕಂಡಿದ್ದೇನೆ. ಹೀಗೆ ನಡೆದದ್ದನ್ನು ಕಂಡಿರಲಿಲ್ಲ. ಒಂದು, ಎರಡು, ಇನ್ನೆರಡು ಜೀಕು. ಅಷ್ಟೂ ಹೊತ್ತು ನಿಧಿ ಸರಳನ್ನು ಎರಡೂ ಕೈಯಿಂದ ಹಿಡಿದು, ಹುಬ್ಬು ಗಂಟಿಕ್ಕಿ, ಗಟ್ಟಿಯಾಗಿ ಕೂತಿದ್ದಳು. ನನ್ನ ಕಣ್ಣು ತುಂಬಿ ಬಂತು.

ಓಡಿಹೋಗಿ ಎತ್ತಿಕೊಂಡೆ. "ಅಂಜಿಕಿ ಬಂತೇನವಾ?"

"ಹೂಂ, ಬಂತು. ಅದಕ್ಕ ಸಾಕು ಅಂದೆ," ಎಂದಳು, ನೀರಡಿಕೆಯಾಯಿತು ಕುಡಿದೆ ಎಂಬಷ್ಟು ಸಹಜವಾಗಿ. ಆಮೇಲೆ ನನ್ನನ್ನು ಅಳೆಯುವ ಹಾಗೆ ನೋಡಿದಳು. "ಪಪ್ಪಾ, ಈಗ ನೀ ಹತ್ತು. ನಾ ಇಲ್ಲೆ ಕೆಳಗ ನಿಂದರತೇನಿ. ನೀ ಸಾಕು ಅಂದ್ರ ನಾ ಕೈ ಎತ್ತತೇನಿ." ಮೆಹಬೂಬನ ಕಡೆ ತಿರುಗಿ, "ಹೌದಲ್ರಿ ಕಾಕಾ?" ಎಂದಳು. ಅವನು ಮೀಸೆಯಲ್ಲೇ ನಕ್ಕು ತಲೆ ಆಡಿಸಿದ.

ಸುನಂದಾ ನನ್ನ ಮೊಬೈಲು, ಕನ್ನಡಕ ಎರಡನ್ನೂ ಇಸಿದುಕೊಂಡಳು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಏರುವುದು ಏರುತ್ತೇನೆ, ಗಂಡಸಿನ ಹಾಗೆ ಏರೋಣ ಎಂದು ನೇರ ಹೋಗಿ ತುದಿಯ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಕಾಲೇಜಿನ ಹುಡುಗರ ದಂಡು.

ಮೇಲಿನಿಂದ ಕಂಡದ್ದನ್ನು ಹೇಳಬೇಕು. ಕನ್ನಡಕವಿಲ್ಲದ ಕಣ್ಣಿಗೆ ಮಡಗಾಂವ್ ಬರೀ ಬೆಳಕಿನ ಹರಳಾಗಿತ್ತು. ಅದರಾಚೆ ಕಪ್ಪಗೆ, ಅಗಲವಾಗಿ, ಮಳೆಯೋ ಸಮುದ್ರವೋ ಏನೋ ಒಂದು ಊರಿನ ಕಡೆ ಬರುತ್ತಿತ್ತು. ಇಷ್ಟು ವರ್ಷ ಇದೇ ಊರಿನಲ್ಲಿದ್ದು ಇದನ್ನು ನೋಡಿರಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಹಡಗು ಧುಮುಕಿತು. ನಾನು ಎರಡೂ ಕೈಯಿಂದ ಅಡ್ಡ ಸರಳಿಗೆ ಜೋತುಬಿದ್ದೆ. ಸಾಕು ಅನ್ನಬೇಕು. ಬಾಯಿ ತೆರೆದೆ. ಪಕ್ಕದ ಹುಡುಗ ನನ್ನ ಕಡೆ ನೋಡಿದ. ನನ್ನ ಬಾಯಿಂದ ಬಂದದ್ದು, "ವಾಹ್!"

ಮತ್ತೆ ಏರಿತು, ಮತ್ತೆ ಇಳಿಯಿತು. ನಾನು ಹಲ್ಲು ಕಿರಿದು ಕೂತೇ ಇದ್ದೆ. ಕೆಳಗೆ ಹಳದಿಯ ಚುಕ್ಕೆಯೊಂದು ಅಲುಗಾಡದೆ ನಿಂತಿತ್ತು. ಸುತ್ತಲಿನ ದೀಪ, ಪೀಪಿ, ಖಾಜೆ ಯಾವುದರ ಕಡೆಗೂ ಅದರ ಲಕ್ಷ್ಯವಿರಲಿಲ್ಲ. ನಾನು ಎಲ್ಲಿ ಹೋದರೆ ಅಲ್ಲಿ ಅದರ ಮುಖ ತಿರುಗುತ್ತಿತ್ತು. ಮೂರು ವರ್ಷ ನಾನೇ ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ.

ಹಳದಿ ಚುಕ್ಕೆಯಿಂದ ಸಣ್ಣ ಕೈಯೊಂದು ಮೇಲೆದ್ದಿತು.

ಹಡಗು ಸೋತು ಸೋತು ನಿಂತಿತು. ಹುಡುಗರು ಯಾಕೆ ನಿಲ್ಲಿಸಿದರೆಂದು ಗೊಣಗಿದರು, ನಾನೂ ಅವರ ಜೊತೆ ಸೇರಿ ಸ್ವಲ್ಪ ಗೊಣಗಿದೆ. ಕಾಲು ನೆಲ ಮುಟ್ಟಿದಾಗ ನೆಲ ಇನ್ನೂ ತೂಗುತ್ತಿತ್ತು. ಹೋಗಿ ಜೋಕರನ ಹಲಗೆಯನ್ನು ಹಿಡಿದು ನಿಂತೆ. ಅವನ ಚಾಚಿದ ಕೈ ನನ್ನ ಹೊಟ್ಟೆಯ ಮಟ್ಟಕ್ಕಿತ್ತು.

"ನಾ ಸಾಕು ಅಂದ ಇಲ್ಲಲ್ಲವಾ," ಎಂದೆ, ಮಗಳಿಗೆ ಕೇಳುವಷ್ಟೇ ಮೆಲ್ಲಗೆ.

"ಗೊತ್ತು. ನಿನಗ ಅನ್ನಾಕ ಬರಲಿಲ್ಲ," ಎಂದಳು. ನನ್ನ ಬೆವೆತ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ತುಂಬ ವ್ಯಸನದ ಮುಖ ಮಾಡಿದಳು. "ಇರಲಿ ಪಪ್ಪಾ. ಮುಂದಿನ ವರ್ಷ ನೋಡೋಣು."