ಎಡಗಾಲ ಬೂಟಿನ ಅಜ್ಜ

ಗೋಮೆಲ್ ಪೇಟೆಯಲ್ಲಿ ನನ್ನದು ಹಳೆಯ ಬೂಟುಗಳ ಅಂಗಡಿ; ಪಕ್ಕದ್ದು ಸ್ತೆಫಾನಿದಾಳ ಹುಳಿ ಎಲೆಕೋಸಿನದು. ಅವಳ ಪೀಪಾಯಿಯ ವಾಸನೆಗೆ ನನ್ನ ಗಿರಾಕಿಗಳು ಓಡುತ್ತಾರೆಂದು ನಾನೂ, ನನ್ನ ಬೂಟಿನ ವಾಸನೆಗೆ ಅವಳ ಗಿರಾಕಿಗಳು ಓಡುತ್ತಾರೆಂದು ಅವಳೂ ಜಗಳವಾಡುತ್ತಲೇ ಇಬ್ಬರ ಕೂದಲೂ ನರೆತಿದೆ. ಪೀಪಾಯಿ ಅವಳಿಗೆ ತಾಯಿಯಿಂದ ಬಂದದ್ದು, ಬಾಯಿಯೂ ಅಷ್ಟೆ. ಕೋಸು ಹೆಚ್ಚುವುದಷ್ಟೇ ತನ್ನ ಕೆಲಸ, ಹುಳಿ ಬರಿಸುವುದು ಒಲೆಯ ಹಿಂದೆ ಕಣ್ಣಿಗೆ ಬೀಳದೆ ಇದ್ದು ಮನೆ ಕಾಯುವ ಮನೆಯಜ್ಜನದು ಎನ್ನುವಳು.

ಈಚೆಗೆ ಹೊಳೆದಂಡೆಯ ಅವಳ ಮರದ ಮನೆ ಕೆಡವಿ, ಎಂಟನೆಯ ಮಹಡಿಯಲ್ಲಿ ಮನೆ ಕೊಟ್ಟರು. ಅಜ್ಜನನ್ನು ಕರೆಯದೆ ಮನೆ ಬದಲಿಸುವುದುಂಟೆ? ಉಣ್ಣೆಬೂಟಿನ ಎಡಗಾಲಿಗೆ ರೊಟ್ಟಿಯ ಚೂರು ಹಾಕಿ, "ಹತ್ತಜ್ಜ, ಹೋಗೋಣ" ಅಂದಳು. ಬೂಟು ಭಾರವಾಯಿತು. ದಾರ ಕಟ್ಟಿ ಅದನ್ನು ಎಳೆದುಕೊಂಡು ಬರಬೇಕಾದವನು ಗಂಡ ಲ್ಯಾವೊನ್, ಟ್ರಾಲಿಬಸ್ ಚಾಲಕ. ಹೊಸ ನೆರೆಯವರು ನಕ್ಕಾರೆಂದು ನಾಚಿ, ಜೋಡಿಯನ್ನೇ ನನಗೆ ಮಾರಿದ. ಹೆಂಡತಿಗೆ ಮಾತ್ರ, "ಅಜ್ಜನ್ನ ಹೊಸ ಮನೆ ಒಲೆ ಹಿಂದೆ ಬಿಟ್ಟಿದೀನಿ" ಎಂದ.

ಮರುದಿನದಿಂದ ನನ್ನ ಅಂಗಡಿಗೆ ಕಳೆ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಬೂಟುಗಳೆಲ್ಲ ಮಿರಮಿರ ಹೊಳೆಯುತ್ತ ಅಳತೆಯ ಪ್ರಕಾರ ನಿಂತಿರುತ್ತಿದ್ದವು. ಲಾಭಕ್ಕೆ ಕಾರಣ ಹುಡುಕುವ ವ್ಯಾಪಾರಿ ನಾನಲ್ಲ. ಅತ್ತ ಸ್ತೆಫಾನಿದಾಳ ಕೋಸು ಹುಳಿಯೇರದೆ ಕೊಳೆಯಿತು. ಅವಳ ಕಟ್ಟಡದ ಲಿಫ್ಟು ಏಳರಲ್ಲಿ ನಿಲ್ಲುತ್ತಿತ್ತು, ಒಂಬತ್ತರಲ್ಲಿ ನಿಲ್ಲುತ್ತಿತ್ತು, ಎಂಟರಲ್ಲಿ ಮಾತ್ರ ಇಲ್ಲ.

"ಇನ್ನೊಂದು ಪೀಪಾಯಿ ಕೆಟ್ರೆ ಅಂಗಡಿ ಮುಚ್ಚೋದೇ" ಎಂದು ಅವಳು ಕಣ್ಣೊರೆಸಿಕೊಂಡಳು. ನನಗೂ ದಿಗಿಲಾಯಿತು. ಅವಳಿಲ್ಲದೆ ಜಗಳವಾಡುವುದು ಯಾರ ಜೊತೆ?

ಅಷ್ಟರಲ್ಲಿ ಒಬ್ಬ ದಢೂತಿ ಗಿರಾಕಿ ಆ ಎಡಬೂಟಿಗೆ ಕಾಲು ತೂರಿಸಿ ಕಿರುಚಿದ: "ಅಯ್ಯಯ್ಯೋ! ಯಾರೋ ಹೆಬ್ಬೆಟ್ಟು ಕಚ್ಚಿದ್ರು!"

ಒಳಗಿಂದ ಬೆಕ್ಕಿನ ಗಾತ್ರದ ಗಡ್ಡದ ಮುದುಕ ತಲೆ ಹೊರಹಾಕಿದ. "ನಾನೇ ಕಚ್ಚಿದ್ದು. ಕಾಲು ತೊಳ್ಕೊಂಡ್ ಬಾ ಹೋಗು."

"ಅಜ್ಜಾ!" ಸ್ತೆಫಾನಿದಾ ಸೌಟು ಬಿಸಾಡಿ ಓಡಿಬಂದಳು. "ಇಲ್ಲೇನ್ ಮಾಡ್ತಿದೀಯ?"

"ನಿನ್ ಗಂಡನ್ ಕೇಳು. ಮಾರ್ಬಿಟ್ನಲ್ಲ! ಅವನೇ ಬಂದು ಎಲ್ರೆದುರು ಕರೀಲಿ. ಇಲ್ದಿದ್ರೆ ನಾನಿಲ್ಲೇ ಹಾಯಾಗಿದೀನಿ."

ಅವಳು ಗಂಡನಿಗೆ ಫೋನಿನಲ್ಲಿ ಹೇಳಿದ್ದನ್ನು ಬರೆಯಲಾರೆ. ಲ್ಯಾವೊನ್ ಪೇಟೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಓಡಿಬಂದ. ಪ್ರಯಾಣಿಕರೂ ತಮಾಷೆ ನೋಡಲು ಹಿಂದೆಯೇ ಬಂದರು.

"ಅಜ್ಜ... ಮನೆಗ್ ಬಾ" ಎಂದು ಗೊಣಗಿದ.

"ಕೇಳಿಸ್ಲಿಲ್ಲ."

"ತಪ್ಪಾಯ್ತು, ಮನೆಗ್ ಬಾರಜ್ಜ!" ಇಡೀ ಪೇಟೆಗೆ ಕೇಳಿಸಿತು.

"ಹೆಂಡ್ತೀನ ಯಾವತ್ತಾದ್ರೂ ಹಿಂಗ್ ಕರ್ದಿದೀಯೇನೋ ಲ್ಯಾವೊನ್?" ಮೀನಿನವಳು ಚಪ್ಪಾಳೆ ತಟ್ಟಿದಳು.

ಎಡಬೂಟಿಗೆ ನಾನು ಬೆಲೆ ಕೇಳಲಿಲ್ಲ. ಬಲಗಾಲಿನದನ್ನು ಮಾತ್ರ ಇಟ್ಟುಕೊಂಡೆ. ಲ್ಯಾವೊನ್ ಕೆಂಪು ಮೋರೆ ಹೊತ್ತು ಬೂಟನ್ನು ದಾರದಲ್ಲಿ ಬಸ್ಸಿನವರೆಗೆ ಎಳೆದ. ಒಬ್ಬ ಮುದುಕಿ ಎದ್ದು ಅಜ್ಜನಿಗೆ ಜಾಗ ಬಿಟ್ಟಳು. ಆ ಸಂಜೆ ಲಿಫ್ಟು ನೇರ ಎಂಟಕ್ಕೆ ಹೋಯಿತು.

ಈಗ ಅವಳ ಕೋಸಿಗೆ ಜನ ಸಾಲುಗಟ್ಟುತ್ತಾರೆ, ನನ್ನ ಬೂಟುಗಳು ಚೆಲ್ಲಾಪಿಲ್ಲಿ. ಇರಲಿ ಎಂದು ಬಲಬೂಟಿಗೆ ರೊಟ್ಟಿಯ ಚೂರು ಹಾಕಿಟ್ಟಿದ್ದೆ. ನಿನ್ನೆ ನೋಡಿದರೆ ಅದು ಖಾಲಿ.

"ಇಲಿ ತಿಂದಿರತ್ತೆ, ಹುಚ್ಚಪ್ಪ" ಎಂದು ಸ್ತೆಫಾನಿದಾ ನಕ್ಕಳು.

ಮುಂದಿನ ಸಾಲಿನ ಬೂಟುಗಳು ಅಳತೆಯ ಪ್ರಕಾರ ನಿಂತಿದ್ದವು. ಇಲಿಗೆ ಅಳತೆ ಗೊತ್ತಿರುತ್ತದೆಯೇ?