ತಲೆ ಎಣಿಸದ ಹವಾಲ್ದಾರರು

ಹವಾಲ್ದಾರ್ ಕಾಳೇಗೌಡರು ಮನುಷ್ಯರನ್ನು ಎಣಿಸುತ್ತಿರಲಿಲ್ಲ. ಮಿಲಿಟರಿ ಬಿಟ್ಟು ಬಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆದವನಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಬೇಕೆ? ಬೆಳಿಗ್ಗೆ ಕಾಫಿ ಮೂಟೆ ಇಡುವ ಸ್ಟೋರಿನ ಮುಂದೆ ಆಳುಗಳು ಸಾಲಾಗಿ ನಿಂತರೆ ಬೇರೆ ರೈಟರ್‌ಗಳು ಪೆನ್ಸಿಲ್ ತುದಿಯಲ್ಲೇ ತಲೆ ಎಣಿಸಿ ಎರಡು ನಿಮಿಷಕ್ಕೆ ಕೆಲಸ ಮುಗಿಸುತ್ತಿದ್ದರು. ಇವರು ಒಬ್ಬೊಬ್ಬರ ಹೆಸರೂ ಕೂಗಬೇಕು, ಅವರು ‘ಇವ್ನಿ’ ಅನ್ನಬೇಕು. ಅಷ್ಟಕ್ಕೇ ಬಿಡುತ್ತಾರೆಯೇ? “ರತ್ನಿ, ಮಗೀನ ಜ್ವರ ಬಿಡ್ತೇನವ್ವ?” “ಏಯ್ ತಿಮ್ಮ, ಹಲ್ಲುನೋವು ಹೆಂಗೈತೋ?” ಆನೇಮಹಲ್ ಪಕ್ಕದ ಆ ತೋಟದ ಸಾಹುಕಾರರು ಜೀಪಿನಲ್ಲಿ ಕೂತೇ ಗೊಣಗುತ್ತಿದ್ದರು: “ಏನ್ರೀ ಹವಾಲ್ದಾರ್ರೇ, ಇದೇನು ಹಾಜರಿನೋ, ಬೀಗರ ಉಪಚಾರನೋ?”

“ತಲೆ ಎಣಿಸೋದು ಕುರಿಗೆ ಕಣ್ರೀ,” ಅನ್ನುತ್ತಿದ್ದರು ಇವರು.

ನಾನಾಗ ಆಲೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಬಾಳ್ಳುಪೇಟೆಯಲ್ಲಿ ಬಾಡಿಗೆ ಮನೆ. ಭಾನುವಾರ ಸಾಮಾನಿಗೆಂದು ಪೇಟೆಗೆ ಬಂದರೆ ಹವಾಲ್ದಾರರು ನನ್ನ ಜಗಲಿಗೆ ಹಾಜರು. ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಗಳನ್ನು ನೇರ ಮಾಡಿಟ್ಟೇ ಕೂರುವುದು. “ಮೇಷ್ಟ್ರೇ, ಎಡಗಡೇದು ಅಟೆನ್ಶನ್ನಲ್ಲೈತೆ, ಬಲಗಡೇದು ರಜಾ ಹೋಗೈತೆ!” ಆಮೇಲೆ ಪೇಪರ್ ಬಿಚ್ಚಿಕೊಂಡು ನಾವಿಬ್ಬರೂ ಲೋಕದ ಜಗಳಗಳನ್ನೆಲ್ಲ ಬಗೆಹರಿಸುತ್ತಿದ್ದೆವು. ನನಗೋ ವಾದ ಅಂದರೆ ಹೋಳಿಗೆ ಊಟ. ಅವರು ಮಾತ್ರ ತಮ್ಮ ಕಡೇ ಡ್ಯೂಟಿಯ ಸುದ್ದಿ ಬಂದರೆ ಬಾಯಿ ಹೊಲಿದುಕೊಂಡುಬಿಡುತ್ತಿದ್ದರು. ನಿವೃತ್ತಿಗೆ ಮುಂಚೆ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡು ಆಫ್ರಿಕಾದ ಯಾವುದೋ ದೇಶಕ್ಕೆ ಹೋಗಿದ್ದರಂತೆ. “ನಮ್ ಥರಾನೇ ಗುಡ್ಡ, ನಮ್ ಥರಾನೇ ಕಾಫಿ ಗಿಡ,” ಅಷ್ಟೇ ಅವರ ವರ್ಣನೆ.

ತೊಂಬತ್ತಾರನೇ ಇಸವಿಯ ಆಸುಪಾಸಿನಲ್ಲಿ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನಡೆಯಿತು. ಈಗಿನ ಯುದ್ಧಗಳನ್ನು ‘ಜನಾಂಗಹತ್ಯೆ’ ಎಂದು ಕರೆಯುವುದು ಸರಿಯೇ, ತಪ್ಪೇ? ಇದು ವಿಷಯ. ಆರಿಸಿದವನು ನಾನೇ. ಹಾಸನದಿಂದ ಬರಬೇಕಿದ್ದ ತೀರ್ಪುಗಾರರು ಕೈಕೊಟ್ಟರು. ಮಿಲಿಟರಿಯವರು, ಗಂಭೀರವಾಗಿ ಕೂರುತ್ತಾರೆ ಅಂತ ಹವಾಲ್ದಾರರನ್ನು ಕರೆದು ಕೂರಿಸಿದೆ. ಎಂಥ ಪೆದ್ದ ನಾನು!

ಸುಮಿತ್ರ ಅನ್ನುವ ಹುಡುಗಿ ವೇದಿಕೆಗೆ ಬಂದಳು. ಭಾಷಣ ಬರೆದುಕೊಟ್ಟವನೂ ನಾನೇ. “ಯುದ್ಧವೆಂದ ಮೇಲೆ ಸಾವು ಸಹಜ. ಒಂದು ಜನಾಂಗವನ್ನೇ ಇಲ್ಲವಾಗಿಸುವ ಉದ್ದೇಶ ಸಾಬೀತಾಗುವವರೆಗೆ ಆ ದೊಡ್ಡ ಪದವನ್ನು ಬಳಸಕೂಡದು!” ಚಪ್ಪಾಳೆ ಬಿತ್ತು. ಅವಳಿಗೆ ಕೊಟ್ಟಿದ್ದ ನಾಲ್ಕು ನಿಮಿಷ ಆಗುವ ಮುಂಚೆಯೇ ಹವಾಲ್ದಾರರು ಟಣ್ ಅಂತ ಗಂಟೆ ಬಾರಿಸಿಬಿಟ್ಟರು.

“ಬೋ ಚೆಂದಾಗಿ ಮಾತಾಡ್ತೀಯ ಕಣವ್ವ. ಒಂದ್ ಕೇಳ್ತೀನಿ. ಅದು ಸಾಬೀತಾಗಕ್ಕೆ ಎಷ್ಟು ದಿನ ಬೇಕು?”

ಹುಡುಗಿ ನನ್ನ ಕಡೆ ನೋಡಿದಳು. ಸುಮ್ಮನಿರಬಾರದಿತ್ತೇ ನಾನು? ಎದ್ದು ನಿಂತು, “ಕೋರ್ಟು ತೀರ್ಮಾನಿಸಬೇಕಲ್ಲ, ವರ್ಷಗಳೇ ಹಿಡಿಯುತ್ತೆ,” ಅಂದೆ.

“ಅಲ್ಲೀಗಂಟ ಆ ಜನ ಎಲ್ಲಿರ್ಬೇಕು ಮೇಷ್ಟ್ರೇ?”

ಹವಾಲ್ದಾರರು ಸುಮಿತ್ರಳಿಗೆ ಪೂರ್ತಿ ಅಂಕ ಹಾಕಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರ ನಾನೇ ತೋಟಕ್ಕೆ ಹೋದೆ. ಸ್ಟೋರಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಾನು ಕೇಳದೆಯೇ ಹೇಳಿದರು. ಆ ದೇಶದಲ್ಲಿ ಒಂದು ಜನ ಇನ್ನೊಂದು ಜನವನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಕಾಲ. ಗುಡ್ಡದ ಮೇಲೊಂದು ಕಾಫಿ ಸ್ಟೋರು. ಒಳಗೆ ಅವಿತುಕೊಂಡಿದ್ದವರು ಹೆಂಗಸರು, ಮಕ್ಕಳು, ಮುದುಕರು. ಬಾಗಿಲಲ್ಲಿ ಇವರೂ ಇನ್ನು ಆರು ಮಂದಿ ಸಿಪಾಯಿಗಳೂ ಕಾವಲು.

“ವೈರ್‌ಲೆಸ್ಸಲ್ಲಿ ಸಹಾಯ ಕೇಳ್ದೆ. ಎಷ್ಟು ಜನ ಅವ್ರೆ ಅಂದ್ರು. ತಲೆ ಎಣ್ಸಿ ಹೇಳ್ದೆ. ಅತ್ಲಾಗಿಂದ ಏನಂದ್ರು ಗೊತ್ತಾ? ‘ಅಷ್ಟೇನಾ?’ ಅಂದ್ರು ಮಾರಾಯ್ರೇ. ಮ್ಯಾಲಿನೋರು ಇದನ್ನ ಏನಂತ ಕರೀಬೇಕು ಅಂತ ಮೀಟಿಂಗ್ ಮಾಡ್ತಾವ್ರೆ, ಆ ದೊಡ್ಡ ಮಾತು ಅಂದುಬುಟ್ರೆ ಪಡೆ ಕಳಿಸ್ಲೇಬೇಕಾಗ್ತದೆ, ಅದ್ಕೇ ಅಂತಿಲ್ಲ ಅಂದ್ರು. ಮಾರನೇ ದಿನ ಆರ್ಡರ್ ಬಂತು, ಜಾಗ ಖಾಲಿ ಮಾಡಿ ಅಂತ. ಲಾರಿ ಹತ್ಬುಟ್ವಿ.”

“ಆಮೇಲೆ?”

“ಆಮೇಲೇನು. ನಾಕು ದಿನ ಬಿಟ್ಟು ಅದೇ ದಾರೀಲಿ ವಾಪಸ್ ಬಂದ್ವಿ. ಸ್ಟೋರಲ್ಲಿ ಉಸಿರಾಡೋರು ಯಾರೂ ಇರ್ಲಿಲ್ಲ. ಒಬ್ಬರ ಹೆಸರೂ ಕೇಳಿರ್ಲಿಲ್ಲ ನಾನು.”

ನನಗೆ ನನ್ನ ಮೇಲೇ ಅಸಹ್ಯವಾಯಿತು. ಉದ್ದೇಶ, ಸಾಬೀತು, ವ್ಯಾಖ್ಯೆ ಅಂತ ಊರೆಲ್ಲ ಭಾಷಣ ಬಿಗಿದವನು ನಾನು. 

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ಆ ದೇಶದ ಕೊಲೆಗಳಿಗೆ ಕೋರ್ಟು ‘ಜನಾಂಗಹತ್ಯೆ’ ಎಂಬ ಹೆಸರು ಕೊಟ್ಟಿತೆಂದು ಇವರಿಗೆ ಓದಿ ಹೇಳಬೇಕು. ಆಗ ಇವರ ಜೀವಕ್ಕೆ ಸಮಾಧಾನವಾದೀತು. ವರ್ಷಗಟ್ಟಲೆ ಪೇಪರ್ ಜಾಲಾಡಿದೆ. ಅಂಥದ್ದೊಂದು ತೀರ್ಪಿನ ಸುದ್ದಿ ಸಿಕ್ಕುವ ಹೊತ್ತಿಗೆ ಹವಾಲ್ದಾರರು ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಸೀದಾ ಅವರ ಮನೆಗೆ ಹೋಗಿ, ಮಂಚದ ಪಕ್ಕ ಕೂತು, ಗಟ್ಟಿಯಾಗಿ ಓದಿದೆ. ಅದಾದ ಮೂರನೇ ವಾರಕ್ಕೆ ಅವರು ತೀರಿಕೊಂಡರು. ಹಾಗಾಗಿ ನಾವು ಮಾತಾಡಿದ್ದು ಅದೇ ಕಡೆ.

ಅವತ್ತು ನಾನು ಓದಿದ್ದನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. “ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ,” ಅಂದು ಸಣ್ಣಗೆ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ನೀರು ಕುಡಿಸಿದೆ.

“ಸರಿ, ಕೊಂದಿದ್ದಕ್ಕೆ ಹೆಸರಿಟ್ರು, ಒಳ್ಳೇದಾಯ್ತು. ನಾವು ಲಾರಿ ಹತ್ತಿದ್ವಲ್ಲ, ಅದಕ್ಕೇನಂತ ಬರ್ದವ್ರೆ? ಅದ್ ಓದಿ.”

ಪೇಪರನ್ನು ತಿರುವಿ ಹಾಕಿದೆ. ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

“ಆರ್ಡರ್ ಇತ್ತಲ್ಲ ಹವಾಲ್ದಾರ್ರೇ. ನೀವೇನು ಮಾಡೋಕಾಗ್ತಿತ್ತು?”

“ಅದನ್ನೇ ನಾನೂ ಆ ಸ್ಟೋರಲ್ಲಿದ್ದೋರ್ಗೆ ಹೇಳ್ದೆ ಮೇಷ್ಟ್ರೇ, ಕೈಸನ್ನೇಲಿ. ಒಬ್ಬ ಮುದುಕಪ್ಪ ಲಾರಿಗಂಟ ಬಂದ. ಬಯ್ತಾನೇನೋ ಅನ್ಕಂಡೆ. ನನ್ನ ಬೆನ್ನು ಸವರಿ, ಹುಷಾರಾಗಿ ಹೋಗ್ ಬಾ ಅನ್ನೋ ಥರ ಕೈ ಎತ್ತಿದ.”